ಅರವತ್ತರ ಮೇಲೆ ಮೊದಲ ಕಥೆ

ನಿವೃತ್ತಿಯ ನಂತರ ಕಥೆ ಬರೆಯಲು ಕೂತವರಿಗೆ ಸರಕಿನ ಕೊರತೆ ಇರುವುದಿಲ್ಲ. ಸರಕು ಅತಿಯಾಗಿಯೇ ತೊಡಕಾಗುವುದು. ನಲವತ್ತು ವರ್ಷದ ನೌಕರಿ, ಎರಡು ತಲೆಮಾರಿನ ಜಗಳ, ತೀರಿಕೊಂಡವರು, ಊರು ಬಿಟ್ಟವರು ಎಲ್ಲ ಒಟ್ಟಿಗೆ ಮೊದಲ ಪುಟಕ್ಕೇ ನುಗ್ಗುತ್ತಾರೆ. ಹಾಗಾಗಿ ಮೊದಲು ಆರಿಸಿಕೊಳ್ಳಬೇಕು, ಬರೆಯುವುದು ಆಮೇಲೆ.

ಒಂದು ಹಾಳೆ ತೆಗೆದುಕೊಂಡು, ಮನಸ್ಸಿನಿಂದ ಹೋಗದ ಹತ್ತು ಗಳಿಗೆಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ‘ಅಣ್ಣನ ಮದುವೆ’ ಎಂದರೆ ಸಾಲದು; ‘ಮದುವೆಯ ಹಿಂದಿನ ರಾತ್ರಿ ಅಣ್ಣ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ’ ಎನ್ನುವಷ್ಟು ಸಣ್ಣದಾಗಿರಲಿ. ಅದು ಯಾಕೆ ಹಾಗಾಯಿತೆಂದು ಇವತ್ತಿಗೂ ನಿಮಗೆ ಬಗೆಹರಿಯದ ಒಂದನ್ನು ಹಿಡಿಯಿರಿ. ಉತ್ತರ ಮೊದಲೇ ಗೊತ್ತಿರುವ ಕಥೆ ಮೂರನೇ ಪುಟಕ್ಕೆ ಬುದ್ಧಿವಾದವಾಗಿ ತಿರುಗುತ್ತದೆ. ಈ ವಯಸ್ಸಿನ ಬರಹಗಾರರನ್ನು ಹೆಚ್ಚು ಕಾಡುವ ರೋಗವೇ ಅದು.

ಮುಂದೆ ಮೂರನ್ನು ಬದಲಿಸಿ: ಪಾತ್ರದ ಉದ್ಯೋಗ, ನಡೆದ ಜಾಗ, ಮುಕ್ತಾಯ. ಗುರುತು ಮರೆಸುವುದು ಇದರ ಸಣ್ಣ ಲಾಭ. ‘ನಿಜವಾಗಿ ನಡೆದದ್ದೇ ಹೀಗೆ’ ಎಂಬ ಹಟ ಬಿಡುವುದು ದೊಡ್ಡದು. ಆ ಹಟ ಇರುವತನಕ ನೀವು ಬರೆಯುವುದು ಆತ್ಮಕಥೆಯೇ.

ಇನ್ನೊಂದು ಪ್ರಯೋಗ: ಹಳೆಯ ಜಗಳವನ್ನು ಎದುರಾಳಿಯ ಕಡೆಯಿಂದ ಬರೆಯಿರಿ. ಅಪ್ಪನ ಜೊತೆ ವಾದಿಸಿದ ಮಗ ಈಗ ಆ ಅಪ್ಪನ ವಯಸ್ಸು ದಾಟಿರುತ್ತಾನೆ. ಇಪ್ಪತ್ತೈದರಲ್ಲಿ ಊಹಿಸಬೇಕಾಗಿದ್ದನ್ನು ಈಗ ಒಳಗಿನಿಂದ ಬಲ್ಲಿರಿ. ತಡವಾಗಿ ಶುರುಮಾಡಿದವರಿಗೆ ಸಿಗುವ ದೊಡ್ಡ ಸುಖ ಇದೇ ಇರಬೇಕು. 1916ರಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕಿ ಪೆನೆಲಪಿ ಫಿಟ್ಜ್‌ಜೆರಾಲ್ಡ್ ಅವರ ಮೊದಲ ಕಾದಂಬರಿ ಬಂದದ್ದು 1977ರಲ್ಲಿ. ಎರಡೇ ವರ್ಷಕ್ಕೆ ಬೂಕರ್ ಪ್ರಶಸ್ತಿ ಬಂತು. ಬಹುಮಾನ ಎಲ್ಲರಿಗೂ ಬರುವುದಿಲ್ಲ, ಬಿಡಿ.

ದಿನಕ್ಕೆ 45 ನಿಮಿಷ, 200 ಪದ, ವಾರಕ್ಕೆ ಐದು ದಿನ. ಎರಡು ವಾರಕ್ಕೆ 2,000 ಪದದ ಕರಡು ಕೈಯಲ್ಲಿರುತ್ತದೆ. ಮೊದಲ ಕಥೆಗೆ ಅಷ್ಟು ಸಾಕು. ನೇರ ಕಾದಂಬರಿಗೆ ಕೈಹಾಕಬೇಡಿ. ಮಾರನೆಯ ದಿನದ ಮೊದಲ ವಾಕ್ಯವನ್ನು ಅರ್ಧ ಬರೆದು ಎದ್ದರೆ, ಮತ್ತೆ ಕೂತಾಗ ತಡಕಾಡಬೇಕಿಲ್ಲ. ಕೈಬರಹವಾದರೆ ಸಾಲು ಬಿಟ್ಟು ಸಾಲು ಬರೆಯಿರಿ, ತಿದ್ದಲು ಜಾಗ ಬೇಕು. ಬೆರಳು ನೋಯುವವರು ಫೋನಿಗೆ ಹೇಳಿ ಬರೆಸಬಹುದು. ಸಂಭಾಷಣೆ ಚೆನ್ನಾಗಿ ಬರುತ್ತದೆ, ವರ್ಣನೆ ಮಾತ್ರ ಭಾಷಣದಂತಾಗುತ್ತದೆ. ಪಾತ್ರಗಳ ಹೆಸರು, ಹುಟ್ಟಿದ ವರ್ಷ ಬೇರೆ ಚೀಟಿಯಲ್ಲಿರಲಿ. ಇಲ್ಲದಿದ್ದರೆ ತಾಯಿಗಿಂತ ಮಗಳು ಎಂಟೇ ವರ್ಷ ಚಿಕ್ಕವಳಾಗಿಬಿಡುತ್ತಾಳೆ.

ಕರಡನ್ನು ಮೂರು ವಾರ ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದಲ್ಲೆಲ್ಲ ಗುರುತು ಹಾಕಿ. ಮೊದಲ ಪುಟದಲ್ಲಿ ವಂಶಾವಳಿಯೋ ಹವಾಮಾನವೋ ಇದ್ದರೆ ಇಡೀ ಪುಟ ತೆಗೆದು ನೋಡಿ. ಬಹಳ ಸಲ ಕಥೆ ಎರಡನೇ ಪುಟದಲ್ಲೇ ಶುರುವಾಗಿರುತ್ತದೆ. ನಂತರ ಭಾವನೆಯ ಹೆಸರು ಹೇಳುವ ವಾಕ್ಯಗಳನ್ನು ಹುಡುಕಿ. ‘ಮಗನ ಫೋನು ಬರಲಿಲ್ಲವೆಂದು ಅವರಿಗೆ ತುಂಬ ಬೇಸರವಾಯಿತು’ ಎಂದಿದೆಯೆನ್ನಿ. ಅದರ ಬದಲು: ‘ಅವರು ಫೋನನ್ನು ಮತ್ತೆ ಚಾರ್ಜಿಗೆ ಹಾಕಿದರು. ಆಗಲೇ ನೂರಕ್ಕೆ ನೂರು ತುಂಬಿತ್ತು.’ ಮಗನ ಹೆಸರೂ ಬೇಕಾಗಲಿಲ್ಲ. ಕೊನೆಯ ಪ್ಯಾರಾದಲ್ಲಿ ‘ಜೀವನವೆಂದರೆ’ ಎಂಬ ಮಾತಿದ್ದರೆ ಹೊಡೆದುಹಾಕಿ, ಅದರ ಹಿಂದಿನ ವಾಕ್ಯಕ್ಕೇ ನಿಲ್ಲಿಸಿ. ಇಷ್ಟಾದ ಮೇಲೆ ಕರಡು ಐದರಲ್ಲೊಂದು ಪಾಲು ಇಳಿದಿರಬೇಕು.

ಮೊದಲ ಓದುಗರು ಮನೆಯವರಾಗುವುದು ಬೇಡ. ಅವರು ಕಥೆ ಓದುವುದಿಲ್ಲ, ತಮ್ಮನ್ನು ಹುಡುಕುತ್ತಾರೆ. ಓದುವ ಹವ್ಯಾಸವಿರುವ, ನಿಮ್ಮ ಹಿಂದುಮುಂದು ತಿಳಿಯದ ಇಬ್ಬರಿಗೆ ಕೊಟ್ಟು ‘ಹೇಗಿದೆ’ ಎನ್ನದೆ ‘ಎಲ್ಲಿ ಓದು ನಿಂತಿತು’ ಎಂದು ಕೇಳಿ. ಇಬ್ಬರೂ ಒಂದೇ ಜಾಗ ತೋರಿಸಿದರೆ ತಿದ್ದಬೇಕಾದ್ದು ಅಲ್ಲೇ. ಪತ್ರಿಕೆಗೆ ಕಳಿಸಿದ ದಿನಾಂಕವನ್ನು ಬರೆದಿಟ್ಟುಕೊಂಡು, ಆ ಹತ್ತು ಗಳಿಗೆಗಳ ಹಾಳೆಯಿಂದ ಎರಡನೆಯದನ್ನು ಎತ್ತಿಕೊಳ್ಳಿ.