ಹಳೆಯ ಹಾಯಿದೋಣಿಗೆ ಕೊನೆಗೂ ಸಿಕ್ಕ ಒಲೆ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿರುವ ನಮ್ಮ ಹಾಯಿದೋಣಿ 1978ರದ್ದು. ಅದರಲ್ಲಿದ್ದದ್ದು ಪಂಪ್ ಹೊಡೆದು ಹಚ್ಚುವ ಸ್ಪಿರಿಟ್ ಒಲೆ. ಬರ್ನರ್ ಸರಿಯಾಗಿ ಕಾಯದಿದ್ದರೆ ಸ್ಪಿರಿಟ್ ಆವಿಯಾಗದೆ ಉಕ್ಕಿ, ಬೆಂಕಿ ಭಗ್ಗನೆ ಏಳುತ್ತಿತ್ತು. ಒಮ್ಮೆ ಪರದೆಯ ಅಂಚು ಸುಟ್ಟಿತು. ಅವತ್ತೇ ಒಲೆ ಕಿತ್ತುಹಾಕಿದೆ.

ಮೊದಲು ಪ್ರೊಪೇನ್ ಗ್ಯಾಸಿನ ಒಲೆ ನೋಡಿದೆ. ಶಾಖ ಜಾಸ್ತಿ, ಅನ್ನ ಬೇಗ ಆಗುತ್ತದೆ. ಆದರೆ ಪ್ರೊಪೇನ್ ಗಾಳಿಗಿಂತ ಭಾರ ಅಲ್ವಾ? ಸೋರಿದರೆ ದೋಣಿಯ ತಳದಲ್ಲಿ ತುಂಬಿಕೊಳ್ಳುತ್ತದೆ, ಒಂದು ಕಿಡಿ ಸಾಕು. ಸಿಲಿಂಡರಿಗೆ ಬೇರೆಯೇ ಪೆಟ್ಟಿಗೆ ಬೇಕು, ಸೋರಿದ ಗ್ಯಾಸ್ ಅದರ ತಳದಿಂದ ದೋಣಿಯ ಹೊರಗೆ ಹೋಗಬೇಕು. ನಮ್ಮಲ್ಲಿ ಅದಕ್ಕೆ ಜಾಗವೇ ಇಲ್ಲ.

ಕೊನೆಗೆ ಪಂಪ್ ಇಲ್ಲದ ಸ್ಪಿರಿಟ್ ಒಲೆ ಹಾಕಿದೆ. ಡಬ್ಬಿಯೊಳಗಿನ ನಾರು ಸ್ಪಿರಿಟ್ ಹೀರಿಕೊಂಡಿರುತ್ತದೆ, ದೋಣಿ ವಾಲಿದರೂ ಚೆಲ್ಲುವುದಿಲ್ಲ. ಪೂರ್ತಿ ತಣ್ಣಗಾದ ಮೇಲೇ ತುಂಬಿಸಬೇಕು. ಕಾಫಿ ನೀರು ಕುದಿಯಲು ತಡವಾಗುತ್ತದೆ, ನನಗೇನೂ ಬೇಸರವಿಲ್ಲ.