ವಾಲಿಯ ಮಾತನ್ನಷ್ಟೇ ಕತ್ತರಿಸಿ ಹಾಕಿದರು

ಮೇ ಕೊನೆಯಲ್ಲಿ ಬರುವ ತುಳುವರ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವೆಂದರೆ ನಮ್ಮ ದಕ್ಷಿಣ ಕನ್ನಡದಲ್ಲಿ ತಾಳಮದ್ದಳೆ ಜಾಸ್ತಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿಗಳು ಒಂದೊಂದು ಪಾತ್ರವಾಗಿ ಕೂತಲ್ಲೇ ಮಾತು ಕಟ್ಟುತ್ತಾರೆ. ಬಾಯಿಪಾಠವಲ್ಲ, ಎಲ್ಲ ಆ ಹೊತ್ತಿಗೆ ಹುಟ್ಟಿದ್ದು. ಎಂಥೆಂಥ ಮಾತುಗಳು ಹೀಗೆ ಸುಮ್ನೆ ಗಾಳಿಗೆ ಹೋದವು! ಅದಕ್ಕೇ ನಾನು ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಲು ಶುರು ಮಾಡಿದೆ.

ಕ್ಯಾಮೆರಾ ದೊಡ್ಡ ವಿಷಯವಲ್ಲ, ಸ್ಟ್ಯಾಂಡ್ ಮೇಲೆ ಫೋನ್ ಇಟ್ಟರೂ ಸಾಕು. ಕಷ್ಟ ಇರುವುದು ಧ್ವನಿಯಲ್ಲಿ. ಆಟಿ ತಿಂಗಳ ಮಳೆ ತಗಡಿನ ಮಾಡಿಗೆ ಬಡಿಯುವಾಗ ಫೋನಿನ ಮೈಕ್‌ಗೆ ಮಳೆ ಬಿಟ್ಟು ಬೇರೇನೂ ಕೇಳುವುದಿಲ್ಲ. ಹಾಗಾಗಿ ಮೈಕ್ ಸೆಟ್‌ನವರ ಹತ್ತಿರ ಮೊದಲೇ ಮಾತಾಡಿ, ಮಿಕ್ಸರ್‌ನಿಂದ ನೇರ ಒಂದು ವೈರ್ ಎಳೆದು ಸಣ್ಣ ರೆಕಾರ್ಡರ್‌ಗೆ ಕೊಡುತ್ತೇನೆ. ಮಾತಿಗೆ ಲೆವೆಲ್ ಇಟ್ಟರೆ ಚೆಂಡೆ ಬಿದ್ದ ಕೂಡಲೇ ಸದ್ದು ಒಡೆಯುತ್ತದೆ. ಚೆಂಡೆಗೇ ಲೆವೆಲ್ ಇಡಬೇಕು, ಮಾತನ್ನು ಆಮೇಲೆ ಮನೆಯಲ್ಲಿ ಏರಿಸಿಕೊಳ್ಳಬಹುದು. ಶುರುವಾಗುವ ಮುಂಚೆ ಮೈಕಲ್ಲಿ ಹಾಕಿದ ಭಕ್ತಿಗೀತೆಯನ್ನು ಮರೆಯದೆ ಕತ್ತರಿಸಬೇಕು. ಯೂಟ್ಯೂಬಿನ ಕಂಟೆಂಟ್ ಐಡಿ ಆ ಹಾಡನ್ನು ಗುರುತು ಹಿಡಿದರೆ, ಮೂರು ಗಂಟೆಯ ವಿಡಿಯೋದ ಜಾಹೀರಾತು ದುಡ್ಡು ಎರಡು ನಿಮಿಷದ ಹಾಡಿನವರ ಪಾಲಾಗಬಹುದು.

ಖಾತೆಗೆ ಫೋನ್ ನಂಬರ್ ಕೊಟ್ಟು ವೆರಿಫೈ ಮಾಡದಿದ್ದರೆ 15 ನಿಮಿಷಕ್ಕಿಂತ ಉದ್ದದ ವಿಡಿಯೋ ಹತ್ತುವುದಿಲ್ಲ. ಮಾಡಿದರೆ 12 ಗಂಟೆವರೆಗೂ ಆಗುತ್ತದೆ. ವಿಡಿಯೋದ ವಿವರದಲ್ಲಿ 0:00ರಿಂದ ಶುರು ಮಾಡಿ ಯಾರ ಪ್ರವೇಶ ಎಷ್ಟು ಹೊತ್ತಿಗೆ ಎಂದು ಬರೆದರೆ ಅವೇ ಅಧ್ಯಾಯಗಳಾಗುತ್ತವೆ. ಈ ಕೆಲಸಕ್ಕೆ ಸೋಮಾರಿತನ ಮಾಡಬೇಡಿ. ಮುಂಬೈಯಲ್ಲಿ ಹೋಟೆಲ್ ಮುಚ್ಚಿದ ಮೇಲೆ ಕೇಳುವವರಿದ್ದಾರೆ, ಗಲ್ಫಿನಲ್ಲಿ ಗಾಡಿ ಓಡಿಸುತ್ತಾ ಕೇಳುವವರಿದ್ದಾರೆ. ಬಿಟ್ಟಲ್ಲಿಂದ ಹಿಡಿಯಲು ಅವರಿಗೆ ಇದೇ ದಾರಿ. ಹೊಸದಾಗಿ ಅರ್ಥ ಹೇಳಲು ಕಲಿಯುವ ಹುಡುಗರು ಒಂದೇ ಪಾತ್ರವನ್ನು ಮೂರು ಜನ ಹೇಗೆ ಕಟ್ಟಿದರು ಎಂದು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನಮ್ಮ ಕಾಲದಲ್ಲಿ ಇದಕ್ಕೆ ಮೂರು ಊರು ಸುತ್ತಬೇಕಿತ್ತು.

ಇನ್ನು ಕಿರಿಕಿರಿಯ ಕಥೆ. ವಾಲಿ ಮೋಕ್ಷ ಪ್ರಸಂಗದಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವನ ಪ್ರಶ್ನೆ ಗಟ್ಟಿಯಾದಷ್ಟೂ ತಾಳಮದ್ದಳೆ ಕೂಟಕ್ಕೆ ಕಳೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ ಬೇಡವೇ ಎಂದು ರಾಮನ ಉತ್ತರ ಆಮೇಲೆ ಬರುತ್ತದೆ. ಯಾರೋ ಒಬ್ಬರು ನನ್ನ ವಿಡಿಯೋದಿಂದ ವಾಲಿಯ ಮಾತನ್ನಷ್ಟೇ ಒಂದು ನಿಮಿಷದೊಳಗೆ ಕತ್ತರಿಸಿ, ‘ರಾಮನಿಗೆ ಅವಮಾನ’ ಎಂದು ತಲೆಬರಹ ಕೊಟ್ಟು ತಮ್ಮ ಚಾನೆಲ್‌ನಲ್ಲಿ ಹಾಕಿದರು. ಪೂರ್ತಿ ಕೂಟಕ್ಕೆ ಸಿಗದಷ್ಟು ಜನ ಅದಕ್ಕೆ ಸಿಕ್ಕಿದರು. ಅರ್ಥಧಾರಿಯ ಮನೆಗೆ ರಾತ್ರಿ ಫೋನ್ ಮಾಡಿ ಬೈದವರೂ ಇದ್ದರು. ಪಾತ್ರದ ಮಾತಿಗೆ ಮನುಷ್ಯನನ್ನು ಬೈಯುವುದು! ಕಲಾವಿದರ, ಸಂಘಟಕರ ಒಪ್ಪಿಗೆಯನ್ನು ನಾನು ಯಾವಾಗಲೂ ವಾಟ್ಸಾಪಲ್ಲಿ ಬರೆಸಿಕೊಂಡಿರುತ್ತೇನೆ. ಅದನ್ನು ಕೈಯಲ್ಲಿಟ್ಟುಕೊಂಡು ಕಾಪಿರೈಟ್ ಅರ್ಜಿ ಹಾಕಿದೆ, ತುಣುಕು ಹೋಯಿತು. ಆದರೆ ಅಷ್ಟರಲ್ಲಿ ಅದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಅಲ್ಲಿಂದ ತೆಗೆಸುವುದು ಯಾರ ಕೈಲೂ ಆಗುವುದಿಲ್ಲ, ಅಲ್ವಾ?

ಈಗ ಪ್ರತಿ ವಿಡಿಯೋಗೂ ರೀಮಿಕ್ಸ್ ಆಯ್ಕೆ, ಅಂದರೆ ಬೇರೆಯವರು ಯೂಟ್ಯೂಬಲ್ಲೇ ನಮ್ಮ ವಿಡಿಯೋದ ತುಣುಕು ತೆಗೆದು ಬಳಸುವ ಸೌಲಭ್ಯ, ಬಂದ್ ಮಾಡುತ್ತೇನೆ. ಸ್ಕ್ರೀನ್ ರೆಕಾರ್ಡ್ ಮಾಡುವವರನ್ನು ಅದು ತಡೆಯುವುದಿಲ್ಲ, ಸೋಮಾರಿಗಳನ್ನಂತೂ ತಡೆಯುತ್ತದೆ. ಮೊದಲು ಅನ್‌ಲಿಸ್ಟೆಡ್ ಆಗಿ, ಅಂದರೆ ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಹಾಗೆ ಹಾಕಿ ಕಲಾವಿದರಿಗೆ ಲಿಂಕ್ ಕಳಿಸುತ್ತೇನೆ. ಅವರು ಆಗಬಹುದು ಅಂದ ಮೇಲೇ ಎಲ್ಲರಿಗೂ ತೆರೆಯುವುದು.

ನನಗೆ ಜಾಸ್ತಿ ಬೇಜಾರು ಇರುವುದು ಇನ್ನೊಂದಕ್ಕೆ. ಹಿರಿಯರೊಬ್ಬರು ಈಗ ಕೂರುವ ಮುಂಚೆಯೇ ‘ಇವತ್ತು ಕ್ಯಾಮೆರಾ ಉಂಟಾ?’ ಎಂದು ಕೇಳುತ್ತಾರೆ. ಉಂಟು ಅಂದರೆ ಅವರ ವಾಲಿ ಮೆತ್ತಗಾಗುತ್ತಾನೆ. ಆ ಮೆತ್ತಗಿನ ವಾಲಿಯನ್ನು ಲೋಕಕ್ಕೆ ತೋರಿಸಿ ಏನು ಬಂತು? ಅವರ ಕೂಟ ಇದ್ದ ದಿನ ಫೋನ್ ಚೀಲದಲ್ಲೇ ಇರುತ್ತದೆ. ಧ್ವನಿ ಮಾತ್ರ ಹಿಡಿದು, ಪೆನ್‌ಡ್ರೈವ್‌ನಲ್ಲಿ ಅವರಿಗೇ ಕೊಟ್ಟು ಬರುತ್ತೇನೆ.