ಮಕ್ಕಳ ಮೂತ್ರಪಿಂಡದ ಸೋಂಕು: ಯಾವ ಸ್ಕ್ಯಾನ್, ಯಾವಾಗ, ಏಕೆ

ಕಾರಣ ತಿಳಿಯದ ಜ್ವರದಿಂದ ಬಳಲುವ ಪುಟ್ಟ ಮಗುವಿಗೆ ಮೂತ್ರಪಿಂಡದ ಸೋಂಕಿರಬಹುದೆಂಬ ಅನುಮಾನ ಬಂದಾಗ ಮೊದಲು ಬೇಕಾದುದು ಸ್ಕ್ಯಾನ್ ಅಲ್ಲ, ಸರಿಯಾಗಿ ಸಂಗ್ರಹಿಸಿದ ಮೂತ್ರ. ಸೋಂಕು ಇದೆಯೇ, ಇದ್ದರೆ ಯಾವ ಬ್ಯಾಕ್ಟೀರಿಯಾದಿಂದ ಎಂಬುದನ್ನು ತಿಳಿಸುವುದು ಮೂತ್ರದ ಕಲ್ಚರ್ ಪರೀಕ್ಷೆ. ಚರ್ಮಕ್ಕೆ ಅಂಟಿಸಿದ ಚೀಲದಲ್ಲಿ ಹಿಡಿದ ಮೂತ್ರ ಸುಲಭವಾಗಿ ಕಲುಷಿತವಾಗುವುದರಿಂದ, ಹೇಳಿದಾಗ ಮೂತ್ರ ಮಾಡಲಾರದ ಕೂಸುಗಳಲ್ಲಿ ಕ್ಯಾಥೆಟರ್ (ಮೂತ್ರಕೋಶಕ್ಕೆ ಇಳಿಸುವ ತೆಳು ಕೊಳವೆ) ಮೂಲಕ ತೆಗೆದ ಮಾದರಿಯೇ ಹೆಚ್ಚು ನಂಬಲರ್ಹ. ಮೂತ್ರದ ಹರಿವಿಗೆ ತಡೆಯಿದೆಯೇ, ಸೋಂಕು ಮೂತ್ರಪಿಂಡದ ಅಂಗಾಂಶಕ್ಕೇ ತಗುಲಿದೆಯೇ, ಗುಣವಾದ ಮೇಲೆ ಕಲೆ ಉಳಿದಿದೆಯೇ ಎಂಬ ಬೇರೆ ಪ್ರಶ್ನೆಗಳಿಗೆ ಸ್ಕ್ಯಾನ್‌ಗಳು ಉತ್ತರಿಸುತ್ತವೆ.

ಆರಂಭ ಅಲ್ಟ್ರಾಸೌಂಡ್‌ನಿಂದ ಆಗಬೇಕು. ಇದರಲ್ಲಿ ವಿಕಿರಣವಿಲ್ಲ, ಸೂಜಿಯಿಲ್ಲ. ಮೂತ್ರಕೋಶ ತುಂಬಿದ್ದರೆ ಚಿತ್ರ ಸ್ಪಷ್ಟವಾಗಿ ಬರುವುದರಿಂದ ಮಗುವಿಗೆ ಮುಂಚಿತವಾಗಿ ಹಾಲನ್ನೋ ನೀರನ್ನೋ ಕುಡಿಸಿರಬೇಕು. 2ರಿಂದ 24 ತಿಂಗಳ ಮಕ್ಕಳಿಗೆ ಜ್ವರಸಹಿತ ಮೂತ್ರದ ಸೋಂಕು ಮೊದಲ ಬಾರಿ ಬಂದಾಗ ಈ ಪರೀಕ್ಷೆ ಮಾಡಿಸಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2011ರ ಮಾರ್ಗಸೂಚಿ ಹೇಳಿತ್ತು (ಅದನ್ನು 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು). ಔಷಧಿಗೆ ಜ್ವರ ಬೇಗ ಇಳಿದರೆ ಆತುರಪಡಬೇಕಿಲ್ಲ, ಏಕೆಂದರೆ ಸೋಂಕಿನ ಮೊದಲ ದಿನಗಳಲ್ಲಿ ಬ್ಯಾಕ್ಟೀರಿಯಾದ ವಿಷದಿಂದಲೇ ಮೂತ್ರನಾಳ ತಾತ್ಕಾಲಿಕವಾಗಿ ಹಿಗ್ಗಿ, ತಡೆಯಿದೆ ಎಂಬ ತಪ್ಪು ಭಾವನೆ ಮೂಡಬಹುದು. ಆದರೆ ಸೂಕ್ತ ಆ್ಯಂಟಿಬಯೋಟಿಕ್ ಆರಂಭಿಸಿ 48 ಗಂಟೆ ಕಳೆದರೂ ಜ್ವರ ಬಿಡದಿದ್ದರೆ, ಕೀವುಗಡ್ಡೆ ಅಥವಾ ತಡೆಯನ್ನು ಪತ್ತೆಹಚ್ಚಲು ತಡಮಾಡದೆ ಅಲ್ಟ್ರಾಸೌಂಡ್ ಮಾಡಿಸಬೇಕು. ವರದಿ ಸಹಜವಾಗಿದೆ ಎಂದಮಾತ್ರಕ್ಕೆ ಮೂತ್ರಪಿಂಡಕ್ಕೆ ಸೋಂಕು ತಗುಲಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಎಷ್ಟೋ ಸೋಂಕುಗಳು ಇದರ ಕಣ್ಣು ತಪ್ಪಿಸುತ್ತವೆ.

ಅಂಗಾಂಶದ ಹಾನಿಯನ್ನು ನಿಖರವಾಗಿ ತೋರಿಸುವುದು ಡಿಎಂಎಸ್‌ಎ ಸ್ಕ್ಯಾನ್. ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತು ಬೆರೆಸಿದ ಔಷಧಿಯನ್ನು ಮಗುವಿನ ರಕ್ತನಾಳಕ್ಕೆ ಚುಚ್ಚಿದರೆ, ಅದು ಎರಡು ಮೂರು ಗಂಟೆಗಳಲ್ಲಿ ಮೂತ್ರಪಿಂಡದ ಹೊರಪದರದ ಕೋಶಗಳಲ್ಲಿ ನೆಲೆಸುತ್ತದೆ. ಆಮೇಲೆ ಗಾಮಾ ಕ್ಯಾಮೆರಾ ತೆಗೆಯುವ ಚಿತ್ರದಲ್ಲಿ ಆರೋಗ್ಯವಂತ ಭಾಗ ತುಂಬಿಕೊಂಡು ಕಾಣುತ್ತದೆ, ಸೋಂಕು ತಗುಲಿದ ಜಾಗ ಕಚ್ಚಿ ತೆಗೆದಂತೆ ಖಾಲಿಯಾಗಿ ಕಾಣುತ್ತದೆ. ಒಟ್ಟು ಕೆಲಸದಲ್ಲಿ ಎಡ, ಬಲ ಮೂತ್ರಪಿಂಡಗಳ ಪಾಲೂ ವರದಿಯಲ್ಲಿರುತ್ತದೆ. ಪ್ರತಿಯೊಂದರದು 45ರಿಂದ 55 ಶೇಕಡಾ ಇದ್ದರೆ ಸಹಜ. ಇಲ್ಲಿ ಎಲ್ಲರೂ ಎಡವುವುದು ಸಮಯದ ವಿಷಯದಲ್ಲಿ. ಸೋಂಕಿರುವಾಗ ಕಂಡ ಖಾಲಿ ಜಾಗ ಶಾಶ್ವತ ಕಲೆಯೋ ಮಾಯುವ ಊತವೋ ಎಂಬುದನ್ನು ಆಗಲೇ ಹೇಳಲಾಗದು. ಆದ್ದರಿಂದ ಕಲೆಯನ್ನು ಹುಡುಕುವುದೇ ಉದ್ದೇಶವಾದರೆ, ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಸೂಚಿಸುವಂತೆ, ಸೋಂಕು ಕಳೆದು 4ರಿಂದ 6 ತಿಂಗಳವರೆಗೆ ಕಾಯಬೇಕು. ಚಿತ್ರ ತೆಗೆಯುವಾಗ ಮಗು ಅಲುಗಾಡಬಾರದು. ಹೊಟ್ಟೆ ತುಂಬಿಸಿ ಮಲಗಿಸಿದರೆ ಅನೇಕ ಕೂಸುಗಳಿಗೆ ನಿದ್ರೆಯ ಔಷಧಿಯೇ ಬೇಕಾಗುವುದಿಲ್ಲ.

ಮೂತ್ರಕೋಶದಿಂದ ಮೂತ್ರ ಹಿಮ್ಮುಖವಾಗಿ ಮೇಲೇರುತ್ತಿದೆಯೇ ಎಂದು ನೋಡುವ ಎಂಸಿಯು ಪರೀಕ್ಷೆಯಲ್ಲಿ ಕ್ಯಾಥೆಟರ್ ಮೂಲಕ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವ ತುಂಬಿಸಿ, ಮಗು ಮೂತ್ರ ಮಾಡುತ್ತಿರುವಾಗಲೇ ಎಕ್ಸ್‌ರೇ ತೆಗೆಯುತ್ತಾರೆ. ಮಗುವಿಗೆ ಇದು ಹಿಂಸೆಯೇ ಸರಿ. ಹಾಗಾಗಿ ಮೊದಲ ಸೋಂಕಿಗೇ ಎಲ್ಲರಿಗೂ ಮಾಡಿಸುವ ಬದಲು ಅಲ್ಟ್ರಾಸೌಂಡ್‌ನಲ್ಲಿ ಮೂತ್ರಪಿಂಡ ಹಿಗ್ಗಿರುವುದು ಕಂಡರೆ, ಜ್ವರಸಹಿತ ಸೋಂಕು ಮರುಕಳಿಸಿದರೆ ಅಥವಾ ಗಂಡುಮಗುವಿನ ಮೂತ್ರದ ಧಾರೆ ಕ್ಷೀಣವಾಗಿದ್ದರೆ ಮಾಡಿಸುವುದು ಸೂಕ್ತ, ಅದೂ ಸೋಂಕು ವಾಸಿಯಾದ ಬಳಿಕ.

ಸಿಟಿ ಸ್ಕ್ಯಾನ್‌ನಲ್ಲಿ ವಿಕಿರಣ ಹೆಚ್ಚಾದ್ದರಿಂದ, ಅಲ್ಟ್ರಾಸೌಂಡ್‌ನಿಂದ ಬಗೆಹರಿಯದ ಕೀವುಗಡ್ಡೆಯಂಥ ತೊಡಕುಗಳಿಗೆ ಮಾತ್ರ ಅದನ್ನು ಮೀಸಲಿಡಬೇಕು. ಡಿಎಂಎಸ್‌ಎಯಲ್ಲಿ ಕಲೆ ಖಚಿತವಾದ ಮಕ್ಕಳಿಗೆ ಮುಂದೆ ರಕ್ತದೊತ್ತಡ ಏರುವ ಸಾಧ್ಯತೆಯಿರುವುದರಿಂದ, ಪ್ರತಿ ಭೇಟಿಯಲ್ಲೂ ರಕ್ತದೊತ್ತಡ ಅಳೆಯಿಸಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಆಗಾಗ ಪರೀಕ್ಷಿಸಿಕೊಳ್ಳಬೇಕು.